ಅಜ್ಜಿಯ ಕೂಗಿಗೆ ನಿಂತ ಹಿಂಡು

ಅನಗವಾಡಿ ಸೇತುವೆಯ ಬಳಿ ನಾನು ನಮ್ಮಜ್ಜಿಯ ದನಿಯಲ್ಲಿ 'ಡುರ್ರ್ ಹೊಯ್, ಹೊಯ್' ಎಂದು ಕೂಗಿದ ಕೂಡಲೇ, ರಸ್ತೆಯಲ್ಲಿ ಹೊರಟಿದ್ದ ಕುರಿಹಿಂಡು ಗಕ್ಕನೆ ನಿಂತು ನನ್ನ ಕಡೆ ತಿರುಗಿತು. ಅಜ್ಜಿ ನಮ್ಮನ್ನು ಊಟಕ್ಕೆ ಕರೆಯುವುದೇ ಹಾಗೆ. ಬಸ್ಸಿಗೆ ಕಾಯುತ್ತಿದ್ದ ಗೆಳೆಯರನ್ನು ನಗಿಸಲು ಅಣಕಿಸಿದ್ದೆ. ಗೆಳೆಯರು ನಗಲಿಲ್ಲ, ಕುರಿಗಳಾದರೂ ಮರ್ಯಾದೆ ಕೊಟ್ಟವು.

ಹಿಂಡಿನ ಹಿಂದಿದ್ದ ಕುರಿಗಾಹಿ ಅಜ್ಜ ಬೈಯಲು ಬಂದನೆಂದುಕೊಂಡೆ.

"ಇದು ನಮ್ಮ ಮನಿತಾನದ ಕೂಗಪಾ. ನಿನಗ್ಯಾರು ಕಲಿಸಿದ್ರು?"

"ನಮ್ಮಜ್ಜಿ. ಆಕಿಗೆ ಆಕಿ ಅತ್ತಿ ಕಲಿಸಿದ್ದಂತ. ನಮ್ಮನ್ಯಾಗ ಕುರಿ ಇಲ್ಲ ಯಜ್ಜಾ, ನಾವೇ ಕುರಿ."

ಅಜ್ಜನೂ ನಗಲಿಲ್ಲ. ಬಹಳ ಹಿಂದೆ ವರ್ಷಗಟ್ಟಲೆ ಮಳೆ ಹೋಗಿ ಹುಲ್ಲೇ ಹುಟ್ಟದಿದ್ದಾಗ ಅಣ್ಣತಮ್ಮಂದಿರು ಬೇರಾಗಿ ಅವರ ಮನೆತನ ಒಡೆದು ಎರಡಾಯಿತಂತೆ. ತಮ್ಮನಾದವನು ಅಳಿದುಳಿದ ಕುರಿ ಹೊಡೆದುಕೊಂಡು ಮೇವಿದ್ದಲ್ಲಿಗೆ ಹೋದ. ಕುರಿಯೆಲ್ಲ ಸತ್ತಿದ್ದ ಅಣ್ಣ ಮಾಳಪ್ಪ ಹೆಂಡತಿ ಮಕ್ಕಳೊಡನೆ ಹೊಳೆದಂಡೆಗೆ ಇಳಿದ. ಅವನ ಸುದ್ದಿ ಮತ್ತೆ ಬರಲಿಲ್ಲ. ವಂಶವೇ ಅಳಿಯಿತೆಂದು ತಿಳಿದು, ತಮ್ಮನ ಮನೆಯವರೇ ಅವನಿಗೂ ಪ್ರತಿವರ್ಷ ಹಿರಿಯರ ಹಬ್ಬಕ್ಕೆ ಎಡೆ ಹಿಡಿಯುತ್ತ ಬಂದಿದ್ದಾರೆ.

"ಇಷ್ಟ ದಿನ ನಿಮ್ಮ ಹಿರ್ಯಾಗ ನಾವು ಎಡಿ ಹಿಡದೇವಿ. ಇನ್ನ ನೀವು ಹಿಡೀರಿ" ಎಂದು ಅಜ್ಜ ಚೀಲದಿಂದ ಭಂಡಾರದ ಅರಿಶಿನ ತೆಗೆದು ನನ್ನ ಹಣೆಗೆ ಹಚ್ಚಿ, ಹಿಂಡು ಹೊಡೆದುಕೊಂಡು ಹೋದ.

ಈ ಸಲ ಹಿರಿಯರ ಹಬ್ಬಕ್ಕೆ ಬೀಳಗಿಯ ನಮ್ಮ ಮನೆಯಲ್ಲಿ ಒಂದು ಎಡೆ ಹೆಚ್ಚಾಯಿತು. ಮಾಳಪ್ಪ ಎನ್ನುವಾಗ ಅಪ್ಪ ತುಸು ತಡವರಿಸಿದ. ನಮ್ಮಲ್ಲಿ ಯಾರ ಬಾಯಿಗೂ ಆ ಹೆಸರು ಇನ್ನೂ ರೂಢಿಯಾಗಿಲ್ಲ.