ತಗಡಿನ ಆಚೆಗೊಂದು ಕುಸ್ತಿ

‘ಇಬ್ಬರೂ ದೇವದುರ್ಗದಿಂದ ಬಸ್ ಹತ್ತಿ ಬಂದೀವ್ರಿ ಯಪ್ಪಾ. ಒಬ್ಬರೇ ಒಳಗ ಹೋಗ್ರಿ ಅಂದ್ರ ಹ್ಯಾಂಗ್ರೀ?’

ಕಳೆದ ಭಾನುವಾರ ರಾಯಚೂರಿನ ಕುಸ್ತಿ ಪಂದ್ಯಕ್ಕೆ ಹೋದಾಗ ಟಿಕೆಟ್ ಕಿಟಕಿಯ ಮುಂದೆ ಈ ಮಾತು ಕೇಳಿ ನಿಂತೆ. ಕೇಳುತ್ತಿದ್ದವಳು ಐವತ್ತರ ಆಸುಪಾಸಿನ ಅಮರಮ್ಮ. ಪಕ್ಕದಲ್ಲಿ ಗಂಡ ಹುಸೇನಪ್ಪ. ಇಬ್ಬರೂ ಹೊಲದ ಕೂಲಿಗೆ ಹೋಗುವವರು. ಹೋದ ವರ್ಷ ಎರಡು ರೂಪಾಯಿ ಇದ್ದ ನೆಲದ ಟಿಕೆಟ್ ಈ ಸಲ ಹತ್ತು! (ಹೊರಗಿನಿಂದ ದೊಡ್ಡ ಪೈಲ್ವಾನರು ಬಂದಿದ್ದಾರಲ್ಲ, ರೇಟೂ ದೊಡ್ಡದು.) ಇವರ ಕೈಯಲ್ಲಿದ್ದುದು ಒಂದೇ ಟಿಕೆಟ್ಟಿಗೆ ಸಾಲುವಷ್ಟು.

‘ಕುಸ್ತಿ ಅಂದರೆ ಅಷ್ಟು ಇಷ್ಟವೇನಮ್ಮಾ?’ ಎಂದೆ.

‘ಇವತ್ತ ನಮ್ಮೂರ ಪೈಲ್ವಾನಂದು ಕುಸ್ತಿ ಅದ್ರೀ. ತಾಲೀಮು ಮಾಡೋ ಮುಂದ ದಿನಾ ನಮ್ಮ ಎಮ್ಮಿ ಹಾಲು ಕುಡದವ. ಊರಾಗಾದ್ರ ಮಾಳಿಗಿ ಮ್ಯಾಲ ನಿಂತು ನೋಡ್ತಿದ್ದೆ. ಇಲ್ಲಿ ಸುತ್ತ ತಗಡು ಬಡದಾರ.’

ಗಂಡ ಹೆಂಡತಿಗೆ ವಾದ ಶುರುವಾಯಿತು.

‘ನೀವು ಹೋಗ್ರಿ. ನಾ ಇಲ್ಲೇ ಕುಂದರ್ತೀನಿ.’

‘ಹಾಲು ಹಿಂಡಿ ಕೊಟ್ಟಾಕಿ ನೀನು. ನೀನ ಹೋಗಬೇ!’

ಹುಸೇನಪ್ಪ ಟಿಕೆಟ್ಟನ್ನು ಅವಳ ಕೈಗೆ ತುರುಕಿ ಬಾಗಿಲೊಳಗೆ ದೂಡಿಯೇ ಬಿಟ್ಟ. ತಾನು ತಗಡಿಗೆ ಕಿವಿಯಾನಿಸಿ ನಿಂತ.

ನನಗೋ ಪತ್ರಿಕೆಯ ಪಾಸ್. ಮುಂದಿನ ಸಾಲಿನ ಕುರ್ಚಿ. ಆ ಸಾಲು ಅರ್ಧಕ್ಕರ್ಧ ಖಾಲಿ! ತಡೆಯಲಾರದೆ ಸಂಘಟಕರೊಬ್ಬರನ್ನು ಕೇಳಿದೆ: ‘ಹೊರಗೊಬ್ಬ ನಿಂತಿದ್ದಾನೆ. ಇಲ್ಲಿ ಕೂರಿಸಬಾರದೇ?’

‘ಒಬ್ಬನ್ನ ಬಿಟ್ರ ಊರೇ ಬರ್ತದ ಸರ್. ಪೈಲ್ವಾನರಿಗೆ ಅಡ್ವಾನ್ಸ್ ಕೊಟ್ಟೀವಿ. ನಮ್ಮ ಖರ್ಚು ಯಾರು ನೋಡ್ತಾರ?’

ಅವರ ಕಷ್ಟ ಸುಳ್ಳೇನಲ್ಲ. ಆದರೆ ಕುರ್ಚಿಗಳು ಕೊನೆಯವರೆಗೂ ಖಾಲಿಯೇ ಉಳಿದವು.

ದೇವದುರ್ಗದ ಪೈಲ್ವಾನ ಗೆದ್ದ. ಸಿಳ್ಳೆ, ಗುಲಾಲು, ಗದ್ದಲ. ತಿರುಗಿ ನೋಡಿದರೆ ಹೆಂಗಸರ ಕಡೆ ಅಮರಮ್ಮ ಇಲ್ಲ! ಬಹುಮಾನ ಕೊಡುವುದಕ್ಕೂ ಕಾಯದೆ ಎದ್ದು ಓಡಿದ್ದಳು.

ನಾನೂ ಹೊರಗೆ ಬಂದೆ. ರಸ್ತೆಯಲ್ಲಿ ಒಂದು ಗುಂಪು. ಎಲ್ಲ ಟಿಕೆಟ್ಟಿಗೆ ದುಡ್ಡು ಸಾಲದೆ ಹೊರಗುಳಿದವರು: ಜಟಕಾ ಹೊಡೆಯುವವರು, ಹಮಾಲರು, ಕಡಲೆ ಮಾರುವವರು. ನಡುವೆ ಅಮರಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕುತ್ತಿಗೆಗೆ ಕೈ ಹಾಕಿದ್ದಾಳೆ!

‘ಆ ಕಡಿಯವ ಹಿಂಗ ಬಂದ. ನಮ್ಮವ ಹಿಂಗ ಕಾಲು ಕೊಟ್ಟ. ಹಿಂಗ ಎತ್ತಿ ಕೆಡವಿದ ನೋಡ್ರಿ!’

ಹುಸೇನಪ್ಪ ಧೂಳಿನಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ‘ಸಿಳ್ಳಿ ಕೇಳಿದ ಕೂಡ್ಲೇ ಗೆದ್ದಾನಂತ ತಿಳೀತ್ರೀ. ಹ್ಯಾಂಗ ಗೆದ್ದ ಅಂತ ಈಗ ಗೊತ್ತಾತು.’

‘ಇನ್ನೊಮ್ಮಿ ತೋರಸು ಯವ್ವಾ!’ ಎಂದಿತು ಗುಂಪು. ಅವಳು ಮತ್ತೆ ತೋರಿಸಿದಳು. ಪಾಪ, ಅವನು ಮತ್ತೆ ಬಿದ್ದ.

ಮುಂದಿನ ವರ್ಷ ರೇಟು ಇನ್ನಷ್ಟು ಏರಿ, ಅಮರಮ್ಮನೂ ಹೊರಗೇ ನಿಂತರೆ ಇವರಿಗೆ ಕುಸ್ತಿ ತೋರಿಸುವವರು ಯಾರು?