ಪುಕ್ಕಲನಿಗೆ ದಕ್ಕಿದ ಹಾಕಿ ಕ್ಲಬ್ಬು

ನಾನು ಪುಕ್ಕಲ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಹೇಳುವುದು ಸಲೀಸು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಕಾರಿನವರೆಗೆ ಹೋಗಿ ಮತ್ತೆ ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಜೇಡಗಳ ದೆಸೆಯಿಂದ ಬೂಟನ್ನು ತಲೆಕೆಳಗು ಮಾಡಿ ಕೊಡವದೆ ಕಾಲು ಹಾಕಿದವನಲ್ಲ. ವಸಂತದಲ್ಲಿ ಇಲ್ಲಿನ ಮ್ಯಾಗ್‌ಪೈ ಹಕ್ಕಿ ಗೂಡು ಕಾಯುತ್ತ ದಾರಿಹೋಕರ ತಲೆಗೆ ಎರಗುತ್ತದೆ ಎಂದು ಕೇಳಿದ್ದೇ ತಡ, ಹನಿ ಮಳೆಯಿಲ್ಲದ ದಿನಗಳಲ್ಲೂ ಛತ್ರಿ ಬಿಚ್ಚಿಕೊಂಡು ಬಸ್‌ಸ್ಟಾಪಿಗೆ ಹೋಗಿದ್ದೇನೆ. ವೀಸಾ ಕಚೇರಿಯಿಂದ ಇಮೇಲ್ ಬಂದರೆ ತೆರೆಯುವವಳು ನನ್ನ ಹೆಂಡತಿ ಸುಮ. ಆ ಹೊತ್ತಿಗೆ ನಾನು ಹಿತ್ತಲಲ್ಲಿ ನಿಂತು, ಆಗಲೇ ಒಣಗಿರುವ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿರುತ್ತೇನೆ.

ಹೆದರಿಕೆಯ ಮಟ್ಟಿಗೆ ಕನ್ನಡ ಬಹಳ ಶ್ರೀಮಂತ ಭಾಷೆ. ಭಯ ಅನ್ನುವುದು ಪುರಾಣದ ದೊಡ್ಡವರಿಗೆ ಸೇರಿದ್ದು. ನಮ್ಮಂಥವರಿಗೆ ಅಂಜಿಕೆಯಿದೆ, ಅಳುಕಿದೆ, ದಿಗಿಲಿದೆ. ಅಂಜಿಕೆ ಹಿರಿಯರ ಮುಂದೆ ಕೈಕಟ್ಟಿ ನಿಂತಾಗಿನದು. ಅಳುಕು ಒಳಗೇ ಕೂತು ಸಣ್ಣಗೆ ಕೊರೆಯುವಂಥದು. ದಿಗಿಲು ಹೇಳದೆ ಕೇಳದೆ ಮೇಲೆ ಬೀಳುವಂಥದು. ಇವೆಲ್ಲಕ್ಕಿಂತ ನನಗೆ ಹತ್ತಿರದ್ದು ಪುಕುಪುಕು. ಬೇರಿಂಗ್ ಸವೆದ ಕಂಪ್ರೆಸರ್ ಎದೆಯೊಳಗೆ ಓಡುತ್ತಿದ್ದ ಹಾಗೆ. ಈ ಹೋಲಿಕೆ ನನ್ನ ಕಸುಬಿನಿಂದ ಬಂದದ್ದು. ನಾನು ರೆಫ್ರಿಜರೇಶನ್ ಮೆಕ್ಯಾನಿಕ್. ಮೈಸೂರಿನ ಒಂದು ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಕಲಿತೆ. ಆಮೇಲೆ ಕೆಲವು ವರ್ಷ ಮಸ್ಕತ್ತಿನಲ್ಲಿ ಏಸಿ ರಿಪೇರಿ. ಎರಡು ಸಾವಿರದ ಹನ್ನೊಂದರ ಸುಮಾರಿಗೆ ಪರ್ತ್ ಸೇರಿದೆ.

ಪರ್ತ್‌ನಲ್ಲಿ ನಮ್ಮ ಮನೆಯಿದ್ದದ್ದು ಮೋರ್ಲಿಯಲ್ಲಿ. ಸುಮ ಅಲ್ಲಿನ ಶಾಪಿಂಗ್ ಸೆಂಟರಿನ ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ನನ್ನನ್ನು ಕಂಪನಿಯವರು ಒಂದು ಐಸ್ ರಿಂಕಿಗೆ ಹಾಕಿದರು. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ಒಂದು ದೊಡ್ಡ ಶೆಡ್ಡು. ಅದರೊಳಗೆ ಮೈದಾನದಗಲಕ್ಕೆ ಹಾಸಿದ ಮಂಜುಗಡ್ಡೆ. ಅದರ ಮೇಲೆ ಕಾಲಿಗೆ ಅಲಗು ಕಟ್ಟಿಕೊಂಡು ಜಾರುತ್ತ, ಒಂದು ರಬ್ಬರ್ ಬಿಲ್ಲೆಗಾಗಿ ಕೋಲು ಹಿಡಿದು ಬಡಿದಾಡುವ ಜನ. ಆ ಮಂಜು ಕರಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಯಂತ್ರದ ಕೋಣೆಯ ಪಕ್ಕದ ಮೂಲೆಯಲ್ಲಿ ಗೆನ್ನಾದಿ ಎಂಬ ರಷ್ಯದವರೊಬ್ಬರು ಸ್ಕೇಟ್‌ಗಳ ಅಲಗಿಗೆ ಸಾಣೆ ಹಿಡಿಯುತ್ತಿದ್ದರು. ಅರವತ್ತು ದಾಟಿದ, ಬಾಗಿಲ ತುಂಬ ಬರುವಂಥ ಆಳು. ಪ್ರಾಯದಲ್ಲಿ ತಮ್ಮ ಊರಿನ ಹಾಕಿ ಕ್ಲಬ್ಬಿನಲ್ಲಿ ಎರಡನೆಯ ಗೋಲ್‌ಕೀಪರ್ ಆಗಿದ್ದವರು. ನಮ್ಮಿಬ್ಬರ ಮಾತೂ ಇಂಗ್ಲಿಷಿನಲ್ಲಿ. ಇಬ್ಬರದೂ ಕುಂಟುವ ಇಂಗ್ಲಿಷಾದ್ದರಿಂದ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು. ಆ ಭಾಷೆಯಲ್ಲಿ ನೀನು, ನೀವು ಅನ್ನುವ ಭೇದವಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅವರು ಮೊದಲ ದಿನದಿಂದ ‘ನೀವು’.

ದಿನಾ ಬೆಳಿಗ್ಗೆ ಅವರು ಫೋನಿನಲ್ಲಿ ಊರಿನ ಸುದ್ದಿ ತೆರೆಯುತ್ತಿದ್ದರು. ತೆರೆಯುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

“ಯಾಕೆ ಹಾಗೆ?” ಎಂದು ಕೇಳಿದೆ.

“ಕ್ಲಬ್ ಇನ್ನೂ ಇದೆಯೋ ಇಲ್ಲವೋ ನೋಡಬೇಕಲ್ಲ. ಎರಡೂ ಕಣ್ಣು ಬಿಟ್ಟು ನೋಡೋಕೆ ಧೈರ್ಯ ಸಾಲಲ್ಲ.”

ಇವರೂ ನಮ್ಮವರೇ ಅನ್ನಿಸಿತು.

ಆ ಕ್ಲಬ್ಬಿನ ಚರಿತ್ರೆಯನ್ನು ಅವರು ಕಂತುಕಂತಾಗಿ ಹೇಳಿದರು. ಯುರಾಲ್ ಬೆಟ್ಟಗಳಾಚೆಯ ಒಂದು ಟ್ರಾಕ್ಟರ್ ಕಾರ್ಖಾನೆಯ ಊರು. ಕೆಲಸಗಾರರು ಕಾರ್ಖಾನೆಯ ಹಿಂದಿನ ಕೆರೆ ಹೆಪ್ಪುಗಟ್ಟಿದಾಗ ಆಡಲು ಶುರುಮಾಡಿದರು. ಮೊದಲ ವರ್ಷದ ಕೊನೆಯ ಆಟದಲ್ಲೇ ಮಂಜು ಒಡೆದು ಅರ್ಧ ತಂಡ ನೀರಿಗೆ ಬಿತ್ತು. ಎಲ್ಲರನ್ನೂ ಎಳೆದು ಹಾಕಿದರಂತೆ, ಒಂದು ಬೂಟು ಮಾತ್ರ ಸಿಗಲಿಲ್ಲ. ಆಮೇಲೆ ಕಾರ್ಖಾನೆಯ ಹೆಸರು ಬದಲಾದಾಗಲೆಲ್ಲ ಕ್ಲಬ್ಬಿನ ಹೆಸರೂ ಬದಲಾಯಿತು. ಒಟ್ಟು ನಾಲ್ಕು ಹೆಸರು. ಊರಿನ ಮುದುಕರು ಯಾವುದನ್ನೂ ಬಿಡಲು ಮನಸ್ಸಾಗದೆ, ನಾವು ಸಂಕಲ್ಪದಲ್ಲಿ ಗೋತ್ರ ನಕ್ಷತ್ರ ಹೇಳುವ ಹಾಗೆ, ನಾಲ್ಕನ್ನೂ ಒಂದರ ಹಿಂದೊಂದು ಕೂಗುತ್ತಿದ್ದರು. ಅಷ್ಟರಲ್ಲಿ ಬಿಲ್ಲೆ ಗೋಲಿನೊಳಗಿರುತ್ತಿತ್ತು. ದೇಶವೇ ಒಡೆದುಹೋದಾಗ ಕಾರ್ಖಾನೆ ಅರ್ಧ ಮುಚ್ಚಿತು, ಒಳ್ಳೆಯ ಆಟಗಾರರು ಬೇರೆ ಕಡೆ ಹೋದರು. ಒಮ್ಮೆ ಪಕ್ಕದ ಊರಿನ ಬದ್ಧವೈರಿ ಕ್ಲಬ್ಬಿನ ಜೊತೆ ಸೇರಿಸಿದರು. ಬೀಗರ ಜಗಳದ ಹಾಗೆ ಎರಡೂ ಕಡೆಯ ಅಭಿಮಾನಿಗಳು ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ಕೂರಲಿಲ್ಲ. ಕೊನೆಗೆ ಮುಚ್ಚಿಯೇ ಹೋಯಿತು. ಮೂರನೆಯ ಚಳಿಗಾಲಕ್ಕೆ ಹಳೆಯ ಆಟಗಾರರೇ ಸೇರಿ ಮತ್ತೆ ತೆರೆದರು. ಅಂದಿನಿಂದ ಕೆಳಗಿನ ದರ್ಜೆಯಲ್ಲಿ ಆಡುತ್ತಿದೆ. ಪ್ರತಿ ವರ್ಷ ಈ ವರ್ಷವೇ ಕೊನೆ ಅನ್ನುವ ಸುದ್ದಿ ಹುಟ್ಟುತ್ತದೆ.

ನಡುವೆ ಒಂದು ಕಂತನ್ನು ಅವರು ಬಿಟ್ಟಿದ್ದರು. ಅದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಪರ್ತ್‌ನಲ್ಲಿ ಅಪರೂಪಕ್ಕೆ ಆಲಿಕಲ್ಲು ಬಿದ್ದು, ಶೆಡ್ಡಿನ ತಗಡು ಡಬಡಬ ಬಡಿದುಕೊಂಡಿತು. ನಾನು ಹೆದರಿ ಬಾಗಿಲ ಹತ್ತಿರ ಓಡಿದೆ. ನೋಡಿದರೆ ಗೆನ್ನಾದಿ ನನಗಿಂತ ಮೊದಲೇ ಅಲ್ಲಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಚಾವಣಿಯನ್ನೇ ನೋಡುತ್ತಿದ್ದರು. ಸದ್ದು ನಿಂತ ಮೇಲೆ ಒಳಗೆ ಬಂದು ಕೂತು ಹೇಳಿದರು.

ಅವರ ಕ್ಲಬ್ಬಿನ ರಿಂಕಿನಲ್ಲೂ ನನ್ನ ಹಾಗೆ ಒಬ್ಬ ಮೆಕ್ಯಾನಿಕ್ ಇದ್ದನಂತೆ. ವಯಸ್ಸಾದವನು, ಮಿತ್ರಿಚ್ ಎಂದು ಕರೆಯುತ್ತಿದ್ದರು. ಒಂದು ವರ್ಷ ಹಿಮ ವಿಪರೀತವಾಗಿ, ಚಾವಣಿಯ ಮೇಲೆ ಆಳೆತ್ತರ ಕೂತಿತ್ತು. ತೊಲೆಗಳಲ್ಲಿ ಏನೋ ಸದ್ದಾಗುತ್ತಿದೆ, ಅಭ್ಯಾಸ ನಿಲ್ಲಿಸಿ ಎಂದು ಮಿತ್ರಿಚ್ ಎರಡು ದಿನ ಎಲ್ಲರ ಹತ್ತಿರ ಹೋಗಿ ಹೇಳಿದ. ನಿನ್ನ ಕಿವಿಯಲ್ಲೇ ಹಿಮ ಕೂತಿದೆ ಎಂದು ಮ್ಯಾನೇಜರು ಕಳಿಸಿದ. ಮೂರನೆಯ ದಿನ ಮತ್ತೆ ಹೇಳಿದಾಗ ಇಪ್ಪತ್ತೆರಡರ ಗೆನ್ನಾದಿ ಒಂದು ಬಕೆಟ್ಟನ್ನು ತಲೆಗೆ ಕವುಚಿಕೊಂಡು, ತತ್ತರಿಸುವವನ ಹಾಗೆ ನಟಿಸುತ್ತ ಮಂಜಿನ ಮೇಲೆ ಇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಿತ್ರಿಚ್ ಸುಮ್ಮನೆ ಯಂತ್ರದ ಕೋಣೆಗೆ ಹೋದ.

“ಅರ್ಧ ಗಂಟೆ ಆದ ಮೇಲೆ ಓಡಿ ಬಂದ,” ಎಂದರು ಗೆನ್ನಾದಿ. “ಬೂಟುಗಾಲಲ್ಲಿ, ಜಾರುತ್ತಾ, ಕೈ ಬೀಸುತ್ತಾ ನೇರ ನಡುವಿಗೆ ಬಂದ. ಕೂಗ್ತಾ ಇದ್ದ. ಕುಡಿದಿದಾನೆ ಅಂತ ಕೆಲವರು ಹಿಡಿದು ಅಂಚಿಗೆ ಎಳೆದುಕೊಂಡು ಹೋಗೋಕೆ ಹೊರಟರು. ಇನ್ನು ಕೆಲವರು ತಮಾಷೆ ನೋಡೋಕೆ ಅಂಚಿಗೆ ಬಂದರು. ಅಂಚಿಗೆ ಬಂದವರೆಲ್ಲ ಉಳಿದರು. ಅವನು ಕೊಸರಿಕೊಂಡು ಮತ್ತೆ ನಡುವಿಗೆ ಓಡಿದ. ಅಲ್ಲಿ ಇನ್ನೂ ಇಬ್ಬರಿದ್ದರು.”

ಅವರು ಸಾಣೆಯ ಕಲ್ಲನ್ನು ಒರೆಸಿದರು. ಅದು ಕೊಳೆಯಾಗಿರಲಿಲ್ಲ.

“ಬಕೆಟ್ ನನ್ನ ತಲೆ ಮೇಲಿತ್ತು. ಚಾವಣಿ ಅವನ ತಲೆ ಮೇಲೆ ಬಿತ್ತು.”

ನಾನು ಎದ್ದು ಹೋಗಿ ಇಬ್ಬರಿಗೂ ಟೀ ಮಾಡಿಕೊಂಡು ಬಂದೆ.

ಎರಡು ವರ್ಷದ ನಂತರ ಕೆಲಸ ಬದಲಾಗಿ ಬ್ರಿಸ್ಬೇನ್‌ಗೆ ಹೋದೆವು. ಮನೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ, ಕೆಲಸ ಊರಿನ ಇನ್ನೊಂದು ತುದಿಯ ಹಣ್ಣಿನ ಗೋದಾಮಿನ ಕೋಲ್ಡ್ ರೂಮುಗಳಲ್ಲಿ. ರೈಲಿನಲ್ಲಿ ಕೂತು ಕೂತು ಹೆದರುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಭಾನುವಾರ ಸಂಜೆ ಗೆನ್ನಾದಿ ಫೋನ್ ಮಾಡುತ್ತಿದ್ದರು. ಕಂಡರಿಯದ ಊರು, ಓದಲು ಬಾರದ ಲಿಪಿ, ನಿಯಮವೇ ಸರಿಯಾಗಿ ತಿಳಿಯದ ಆಟ. ಆದರೂ ಫೋನ್ ಬಡಿದರೆ ಎದೆಯಲ್ಲಿ ಪುಕುಪುಕು. ಒಂದು ವರ್ಷ ಕ್ಲಬ್ಬನ್ನು ನಡೆಸಬೇಕೋ ಮುಚ್ಚಬೇಕೋ ಎಂದು ಅಲ್ಲಿನವರು ಸಭೆ ಕರೆದಿದ್ದರು. ಆ ದಿನ ನಾನು ದೇವರ ಮುಂದೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದ್ದನ್ನು ಸುಮ ನೋಡಿಬಿಟ್ಟಳು.

“ಇದ್ಯಾರಿಗ್ರೀ?”

“ರಷ್ಯಾದ ಹಾಕಿ ಕ್ಲಬ್ಬಿಗೆ.”

“ಸರಿಹೋಯ್ತು. ಚಾಮುಂಡಿ ತಾಯಿಗೆ ಅಡ್ರೆಸ್ಸಾದ್ರೂ ಸರ್ಯಾಗಿ ಹೇಳಿದ್ರಾ? ನಿಮ್ ಹೆದರಿಕೆಗಳು ನಿಮ್ಗೆ ಸಾಲ್ದು ಅಂತ ಬೇರೆಯೋರದ್ದೂ ತಂದ್ಕೊಂಡ್ರಲ್ಲ!”

ಕ್ಲಬ್ಬು ಆ ವರ್ಷ ಬದುಕಿಕೊಂಡಿತು. ಯಾರ ದೇವರೆಂದು ಗೊತ್ತಿಲ್ಲ.

ಮತ್ತೆ ಮಂಜಿನ ಸಹವಾಸ ಸಿಕ್ಕಿದ್ದು ಅಡಿಲೇಡಿನಲ್ಲಿ. ಪ್ರಾಸ್ಪೆಕ್ಟ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಊರಾಚೆ ಹಳೆಯ ಗೋದಾಮೊಂದನ್ನು ರಿಂಕ್ ಮಾಡಿದ್ದರು. ಅಲ್ಲಿನ ಯಂತ್ರಗಳಿಗೆಲ್ಲ ನಾನೊಬ್ಬನೇ ದಿಕ್ಕು. ಯಂತ್ರ ನನ್ನ ಐಸ್ ಫ್ಯಾಕ್ಟರಿಯದರ ದಾಯಾದಿ. ಅಮೋನಿಯಾ ಅನಿಲ ಉಪ್ಪುನೀರನ್ನು ತಣ್ಣಗೆ ಮಾಡುತ್ತದೆ, ಆ ನೀರು ಮಂಜಿನ ಕೆಳಗಿನ ಕೊಳವೆಗಳಲ್ಲಿ ಹರಿಯುತ್ತದೆ. ಅಮೋನಿಯಾ ಒಳಗಿರುವವರೆಗೆ ಸಾಧು. ಹೊರಗೆ ಬಂದರೆ ಕಣ್ಣು, ಗಂಟಲು, ಉಸಿರು, ಯಾವುದನ್ನೂ ಬಿಡುವುದಿಲ್ಲ.

ಒಂದು ಬೇಸಗೆಯ ಶನಿವಾರ ಮಕ್ಕಳ ಫೈನಲ್ ಪಂದ್ಯ. ಬೆಂಚಿನ ತುಂಬ ಅಪ್ಪ ಅಮ್ಮಂದಿರು, ಅಜ್ಜಿಯರು. ಆಟ ಅರ್ಧ ಮುಗಿದಿತ್ತು. ನಾನು ಯಂತ್ರದ ಕೋಣೆಯ ಬಾಗಿಲು ತೆರೆದೆ. ಮೂಗಿಗೆ ಅಮೋನಿಯಾ ವಾಸನೆಯ ಒಂದು ಎಳೆ ತಾಗಿತು. ಸೂಜಿಯ ಮೊನೆಯಷ್ಟು. ಗೋಡೆಯ ಮೇಲಿನ ಗ್ಯಾಸ್ ಅಲಾರಂ ಸುಮ್ಮನಿತ್ತು. ಬಾಗಿಲು ಮುಚ್ಚಿ ಮತ್ತೆ ತೆರೆದೆ. ಬೀಗ ಜಗ್ಗುವ ಅಭ್ಯಾಸ. ಈಗ ಎಳೆ ಇತ್ತೋ, ಇಲ್ಲವೋ? ನನ್ನ ಮೂಗಿನ ಮೇಲೂ ನನಗೆ ನಂಬಿಕೆಯಿಲ್ಲ.

ಮ್ಯಾನೇಜರ್ ಕ್ರೇಗ್ ಹತ್ತಿರ ಓಡಿದೆ. ಒಳ್ಳೆಯ ಮನುಷ್ಯ, ಆದರೆ ಅವತ್ತು ಅವನ ತಲೆಯ ತುಂಬ ಫೈನಲ್.

“ಅಲಾರಂ ಹೊಡೆಯಿತಾ?” ಎಂದ.

“ಇಲ್ಲ.”

“ಮತ್ತೆ? ಇನ್ನು ಇಪ್ಪತ್ತೈದು ನಿಮಿಷ, ಗೆಳೆಯ. ಆಟ ಮುಗಿದ ಮೇಲೆ ನೋಡೋಣ. ನೀನು ಬಿಸಿನೀರಿಗೂ ಹೆದರುವವನು ಅಂತ ಎಲ್ಲರಿಗೂ ಗೊತ್ತು.”

ಹತ್ತಿರದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಪುಕ್ಕಲರು ಇಂಥ ಕಡೆ ಎಲ್ಲರಿಗಿಂತ ಮೊದಲೇ ನಕ್ಕುಬಿಡುತ್ತಾರೆ.

ವಾಪಸು ನಡೆದು ಬಂದು ಗೋಡೆಯ ಮೇಲಿನ ಸೈರನ್ನಿನ ಕೆಂಪು ಗುಂಡಿಯ ಮುಂದೆ ನಿಂತೆ. ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಒತ್ತಿದರೆ ಕೆಲಸ ಹೋಗಬಹುದು. ಏನೂ ಇಲ್ಲವೆಂದಾದರೆ ಊರೆಲ್ಲ ನಗಬಹುದು. ಪರ್ಮನೆಂಟ್ ವೀಸಾದ ಕಾಗದ ಇನ್ನೂ ಕಚೇರಿಯಲ್ಲೇ ಇತ್ತು. ಒತ್ತದಿದ್ದರೆ? ಗಾಜಿನಾಚೆ ಮಕ್ಕಳು ಜಾರುತ್ತಿದ್ದರು. ಒಬ್ಬಳು ಬಿದ್ದವಳು ಏಳಲಾರದೆ ಕುಂಡೆಯ ಮೇಲೆ ಕೂತು ತನಗೆ ತಾನೇ ನಗುತ್ತಿದ್ದಳು. ಆ ಹೊತ್ತಿಗೆ ನನಗೆ ಧೈರ್ಯ ಬಂತು ಎಂದು ಬರೆಯಬೇಕೆಂದು ಆಸೆಯೇನೋ ಇದೆ. ಬರಲಿಲ್ಲ. ಎರಡು ಹೆದರಿಕೆಗಳಲ್ಲಿ ದೊಡ್ಡದು ಕೈಯನ್ನು ಮುಂದಕ್ಕೆ ನೂಕಿತು, ಅಷ್ಟೆ.

ಸೈರನ್ ಕೂಗಿತು. ಒಂದು ಗಳಿಗೆ ಯಾರೂ ಕದಲಲಿಲ್ಲ. ನಾನು ಬೂಟುಗಾಲಲ್ಲೇ ಮಂಜಿಗೆ ಇಳಿದೆ, ಎರಡು ಸಲ ಬಿದ್ದೆ, “ಔಟ್! ಔಟ್!” ಎಂದು ಅರಚಿದೆ, ನಡುವೆ “ಹೊರಗ್ ನಡೀರಪ್ಪಾ, ಬೇಗ!” ಎಂದು ಕನ್ನಡದಲ್ಲೂ ಅರಚಿದೆನಂತೆ. ಎರಡೂ ತಂಡದ ಮಕ್ಕಳು ಹೆಲ್ಮೆಟ್ಟು ತೊಟ್ಟು, ಸ್ಕೇಟ್ ಕಾಲಲ್ಲೇ ತತ್ತರಿಸುತ್ತ, ಕಾದ ಟಾರಿನ ಕಾರ್ ಪಾರ್ಕಿನಲ್ಲಿ ಸಾಲಾಗಿ ನಿಂತರು. ಒಬ್ಬ ತಂದೆ ನನ್ನ ಮುಖಕ್ಕೆ ಬೆರಳು ತೋರಿಸಿ ಬೈದರು. ಕ್ರೇಗ್ ಮುಖ ಕೊಡಲಿಲ್ಲ.

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದರು. ಅವರ ಮುಖ್ಯಸ್ಥೆ ಒಬ್ಬ ನಡುವಯಸ್ಸಿನ ಹೆಂಗಸು. ಒಂದು ವಾಲ್ವಿನ ಪ್ಯಾಕಿಂಗ್ ಸೀಳಿ ಅನಿಲ ಜಿನುಗುತ್ತಿದೆ ಎಂದರು.

“ಎಷ್ಟು ಹೊತ್ತು ತಡೀತಿತ್ತು?” ಎಂದು ಕ್ರೇಗ್ ಕೇಳಿದ.

“ಸೋಮವಾರದವರೆಗೆ ತಡೀತಿತ್ತೋ ಏನೋ. ಹತ್ತು ನಿಮಿಷವೂ ತಡೀತಿರಲಿಲ್ಲವೋ ಏನೋ. ಹೇಳೋಕಾಗಲ್ಲ.”

ಕ್ರೇಗ್ ಬಹಳ ಹೊತ್ತು ಕಟ್ಟಡವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ಕೈ ತಣ್ಣಗಿತ್ತು.

ಸಂಜೆ ಗೆನ್ನಾದಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು: “ಮಕ್ಕಳು ಸ್ಕೇಟ್ ಕಾಲಲ್ಲೇ ಟಾರಿನ ಮೇಲೆ ನಿಂತರಾ?”

“ಹೌದು.”

“ಹಾಗಾದ್ರೆ ಅಲಗೆಲ್ಲ ಹಾಳಾಗಿರುತ್ತೆ. ನಾನು ಬರ್ತೀನಿ.”

ಬಂದೇಬಿಟ್ಟರು. ನಮ್ಮ ಮನೆಯಲ್ಲೇ ಉಳಿದರು. ಸುಮ ಮಾಡಿದ ಬಿಸಿಬೇಳೆಬಾತನ್ನು ಕಣ್ಣಲ್ಲಿ ನೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡರು. “ಪಾಪ ಅಂಕಲ್, ಖಾರ ಜಾಸ್ತಿ ಆಯ್ತು ಕಣ್ರೀ, ಸಾಕು ಅನ್ನಿ ಅವ್ರಿಗೆ,” ಎಂದು ಸುಮ ನನಗೆ ಪಿಸುಗುಟ್ಟಿದಳು. ಆ ಕಣ್ಣೀರು ಖಾರದ್ದೋ ಅಲ್ಲವೋ ನನಗೆ ತಿಳಿಯಲಿಲ್ಲ. ಎರಡು ದಿನ ರಿಂಕಿನ ಮೂಲೆಯಲ್ಲಿ ಕೂತು ಅಷ್ಟೂ ಮಕ್ಕಳ ಅಲಗುಗಳನ್ನು ಸಾಣೆ ಹಿಡಿದರು. ಮುಗಿದ ಮೇಲೆ ಒಮ್ಮೆ ತಲೆಯೆತ್ತಿ, “ಮಿತ್ರಿಚ್‌ಗೆ ನಾನು ಕ್ಷಮೆ ಕೇಳಲೇ ಇಲ್ಲ,” ಎಂದರು. ಮತ್ತೆ ತಲೆ ತಗ್ಗಿಸಿ ಕಸ ಗುಡಿಸಿದರು.

ಧೈರ್ಯಕ್ಕೆ ಟ್ರೋಫಿಗಳಿವೆ, ಅವನ್ನಿಡಲು ಗಾಜಿನ ಬೀರುಗಳಿವೆ. ಹೆದರಿಕೆಗೆ ಏನಿದೆ? ಅದು ಸರಿಯಾಗಿ ಕೆಲಸ ಮಾಡಿದ ಕಡೆ ಏನೂ ಆಗಿರುವುದಿಲ್ಲ. ಏನೂ ಆಗದೆ ಇದ್ದದ್ದನ್ನು ಯಾವ ಕ್ಲಬ್ಬಿನವರು ಬರೆದಿಡುತ್ತಾರೆ?

ಮುಂದಿನ ಶನಿವಾರ ಫೈನಲ್ ಮತ್ತೆ ಆಡಿಸಿದರು. ಗೆನ್ನಾದಿ, ಸುಮ, ನಾನು ಮೊದಲ ಸಾಲಿನಲ್ಲಿ ಕೂತೆವು. ಮಕ್ಕಳು ಬಿದ್ದರು, ಎದ್ದರು, ಒಬ್ಬರನ್ನೊಬ್ಬರು ತಳ್ಳಿದರು, ಆಟ ಮುಗಿದ ಮೇಲೆ ಬಿಸಿ ಚಿಪ್ಸ್ ತಿಂದು ಮನೆಗೆ ಹೋದರು. ಗೆದ್ದವರು ಯಾರೆಂದು ಈಗ ನೆನಪಿಲ್ಲ. ಏನೂ ಆಗಲಿಲ್ಲ. ಅಷ್ಟು ಚೆಂದದ ಆಟವನ್ನು ನಾನು ಇನ್ನೊಂದು ನೋಡಿಲ್ಲ.