ತೆರೆಯ ಹಿಂದಿನ ಕೆಮ್ಮು

ಕತ್ತಿ, ಕೋಟೆ, ಮಾಯಾಮಂತ್ರದ ಕತೆಗಳನ್ನು ಓದುವವರೆಂದರೆ ಮೀಸೆ ಚಿಗುರದ ಹುಡುಗರು ಮತ್ತು ಕೆಲಸವಿಲ್ಲದವರು ಎಂದು ನಮ್ಮ ಸ್ಟಾಫ್ ರೂಮು ತೀರ್ಮಾನಿಸಿಬಿಟ್ಟಿತ್ತು. ಆ ತೀರ್ಮಾನಕ್ಕೆ ಸೊಪ್ಪು ಹಾಕದವರು ನಾನು ಮತ್ತು ನನ್ನ ಗೆಳತಿ, ಇಬ್ಬರೇ. ಅವಳು ತನ್ನೂರಿನಿಂದ ರೈಲು ಹತ್ತಿ ಅರಸೀಕೆರೆಗೆ ಬರುತ್ತಿದ್ದಳು. ನಾನು ಮದುವೆಯಾಗಿ ಅರಸೀಕೆರೆಯವಳಾಗಿದ್ದೆ. ಅಲ್ಲಿಂದ ಜಾವಗಲ್ಲಿನ ಹೈಸ್ಕೂಲಿಗೆ ಇಬ್ಬರಿಗೂ ಒಂದೇ ಬಸ್ಸು, ಒಂದೇ ಸೀಟು. ಅವಳದು ಇಂಗ್ಲಿಷು, ನನ್ನದು ಸಮಾಜ ವಿಜ್ಞಾನ. ಫೋನಿನಲ್ಲಿ ವಾರವಾರ ಬರುವ ಧಾರಾವಾಹಿಗಳನ್ನು ಓದಿಕೊಂಡು ಬಂದು ದಾರಿಯುದ್ದಕ್ಕೂ ಜಗಳವಾಡುತ್ತಿದ್ದೆವು. ಆ ಜಗಳವಿಲ್ಲದ ದಿನ ನನಗೆ ತರಗತಿಯಲ್ಲಿ ಪಾಠವೇ ಓಡುತ್ತಿರಲಿಲ್ಲ.

ನನ್ನ ತಕರಾರು ಯಾವಾಗಲೂ ನೀರಿನಿಂದ ಶುರು. ಏಳು ಸುತ್ತಿನ ಕೋಟೆ, ಲೆಕ್ಕವಿಲ್ಲದಷ್ಟು ಕುದುರೆ, ಆದರೆ ಊರಿಗೊಂದು ಕೆರೆಯಿಲ್ಲ. ಕುದುರೆಗಳು ಗಾಳಿ ಕುಡಿದು ಓಡುತ್ತವೆಯೇ? ನಮ್ಮ ಕಡೆಯವರಿಗೆ ಇದು ಹುಟ್ಟಿನಿಂದ ಅಂಟಿದ ಚಾಳಿ. ಹಳೇಬೀಡಿನ ಗೋಡೆಗಳನ್ನು ನೋಡಿ ಬೆಳೆದವರಿಗೆ, ಕೆಳಗೆ ಆನೆಸಾಲು ಇಲ್ಲದೆ ಮೇಲೆ ದೇವತೆಗಳು ನಿಂತಿದ್ದಾರೆಂದರೆ ನಂಬಿಕೆ ಬರುವುದಿಲ್ಲ. ಲೋಕ ಕಟ್ಟುವವನು ಮೊದಲು ಹೊರುವವರನ್ನು ಇಡಬೇಕು, ಆಳುವವರು ಆಮೇಲೆ ಬರಲಿ ಎನ್ನುವುದು ನನ್ನ ವಾದ. ಗೆಳತಿಯ ಕಣ್ಣು ಮಾತ್ರ ಪಾತ್ರಗಳ ಮೇಲೆ. ಇವನು ಯಾಕೆ ಕೊಂದ, ಇವಳು ಯಾಕೆ ಬಾಗಿಲು ತೆಗೆದಳು. ಅವಳಿಗೆ ಸಿಗುತ್ತಿದ್ದ ಉತ್ತರಗಳು ಎರಡೇ. ಒಂದೋ ಸೇಡು, ಇಲ್ಲವೇ ಸಿಂಹಾಸನ. ಮನುಷ್ಯರಿಗೆ ಬೇರೆ ಕೆಲಸವೇ ಇಲ್ಲವೇನೇ ಎಂದು ರೇಗಿಸಿ, ಮೂರನೆಯ ಕಾರಣವೊಂದನ್ನು ನಾನೇ ಹುಡುಕಿಕೊಡುತ್ತಿದ್ದೆ.

ಹೀಗಿರುವಾಗ ಅವಳೇ ಬರೆಯಲು ಕೂತಳು. ಹೆಸರು ಮರೆಸಿಕೊಂಡು ಬರೆದು, ತಾನೇ ಓದಿ, ಧ್ವನಿಮುದ್ರಿಸಿ ಅದೇ ಧಾರಾವಾಹಿಗಳ ಆ್ಯಪಿನಲ್ಲಿ ಹಾಕುತ್ತಿದ್ದಳು. ಕಲ್ಲಿನ ಕೋಟೆಯೊಳಗೆ ಒಂದು ದೀಪ. ಅದನ್ನು ಒಂದು ವಂಶದ ಗಂಡಸರೇ ಹಚ್ಚಬೇಕು, ದೀಪ ಆರಿದರೆ ಗೋಡೆಗಳ ಶಕ್ತಿ ಹೋಗುತ್ತದೆ, ಶತ್ರು ನುಗ್ಗುತ್ತಾನೆ. ದೀಪ ಕಾಯುವವನ ಮಗ ಎರಡು ಕತ್ತಿಯ ವೀರ. ಕೋಟೆಗೆ ನೀರು ನಾನು ಕೊಟ್ಟೆ. ಹಳೇಬೀಡಿನ ಪಕ್ಕದ ಹುಲಿಕೆರೆಯ ಮೆಟ್ಟಿಲು ಕೊಳವನ್ನು ಎತ್ತಿ ಅವಳ ಕೋಟೆಯ ನಡುವೆ ಇಟ್ಟೆ. ಪ್ರತಿ ಕಂತನ್ನೂ ಅವಳು ಮೊದಲು ನನಗೇ ತೋರಿಸುತ್ತಿದ್ದಳು. ನನಗೋ ಹಿಗ್ಗು. ಬೇಲೂರಿನಲ್ಲಿರುವ ತಮ್ಮನ ಹೆಂಡತಿಗೆ ಫೋನು ಮಾಡಿ, ನನ್ನ ಫ್ರೆಂಡು ಬರೆಯೋದು, ಹೂ ಕಟ್ಟುವಾಗ ಹಾಕ್ಕೊಂಡು ಕೇಳು, ಅಮ್ಮನಿಗೂ ಕೇಳಿಸು ಎಂದಿದ್ದೆ.

ಒಂದು ಬೆಳಿಗ್ಗೆ ಅವಳು ಕತೆಯಲ್ಲಿ ಸಿಕ್ಕಿಕೊಂಡಿದ್ದಳು. ದೀಪ ಕಾಯುವವನು ಹಾಸಿಗೆ ಹಿಡಿದಿದ್ದಾನೆ, ಮಗ ದೂರದಲ್ಲಿದ್ದಾನೆ. ಹೆಂಡತಿ ಗುಟ್ಟಾಗಿ ತಾನೇ ದೀಪ ಹಚ್ಚುತ್ತಾಳೆ.

"ರಾಜನಿಗೆ ಹೇಳೋದು ಬಿಟ್ಟು ಯಾಕೆ ಮುಚ್ಚಿಡ್ತಾಳೆ? ಅಧಿಕಾರದ ಆಸೆ ಅಲ್ದೆ ಇನ್ನೇನಿರತ್ತೆ?" ಎಂದಳು.

ನನಗೆ ಮೈ ಉರಿಯಿತು. ವಾದದ ಬಿಸಿಯಲ್ಲಿ, ಅದುವರೆಗೆ ನನ್ನ ಗಂಡನಿಗೂ ಹೇಳದ ಸಂಗತಿಯನ್ನು ಅವಳಿಗೆ ಹೇಳಿದೆ. ಇಲ್ಲಿ ಬರೆಯುವ ಮುಂಚೆ ಅಮ್ಮನ ಒಪ್ಪಿಗೆ ಕೇಳಿ ಪಡೆದಿದ್ದೇನೆ.

ನಮ್ಮದು ಬೇಲೂರಿನ ಓಣಿಯೊಂದರ ಪುಟ್ಟ ಗುಡಿ. ಪ್ರವಾಸಿಗಳು ಯಾರೂ ಅತ್ತ ಸುಳಿಯುವುದಿಲ್ಲ. ಅಪ್ಪ ಅರ್ಚಕರು. ಗುಡಿಯ ಬೆನ್ನಿಗೇ ಮನೆ. ಪೂಜೆ ಯಾರದೋ, ಮನೆಯೂ ಅವರದೇ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ದಮ್ಮು ಬಲಿತು ಮೇಲೇಳಲಾಗದ ಹಾಗಾಯಿತು. ತಮ್ಮ ದೂರದ ಪಾಠಶಾಲೆಯಲ್ಲಿ ಇನ್ನೂ ಮಂತ್ರ ಕಲಿಯುತ್ತಿದ್ದ. ಅಪ್ಪ ಮಲಗಿದ ಸುದ್ದಿ ಹೊರಬಿದ್ದರೆ ಪೂಜೆ ದೊಡ್ಡಪ್ಪನ ಮಕ್ಕಳ ಪಾಲಾಗುತ್ತಿತ್ತು. ಅಲಂಕಾರದ ಹೊತ್ತಿನಲ್ಲಿ ಗರ್ಭಗುಡಿಗೆ ತೆರೆ ಎಳೆಯುತ್ತಾರಲ್ಲ, ಆಗ ಒಳಗೆ ಯಾರಿದ್ದಾರೆಂದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ಅಮ್ಮ ಬೆಳಗಿನ ಜಾವ ಮಿಂದು, ಒದ್ದೆ ಸೀರೆಯಲ್ಲಿ ಹಿಂಬಾಗಿಲಿನಿಂದ ಒಳಗೆ ಹೋಗಿ ಅಭಿಷೇಕ, ಅಲಂಕಾರ ಎಲ್ಲವನ್ನೂ ತಾನೇ ಮಾಡುತ್ತಿದ್ದಳು. ಮಂತ್ರವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ನಡುನಡುವೆ ಅಪ್ಪನ ಹಾಗೆಯೇ ಎರಡು ಚಿಕ್ಕದು, ಒಂದು ಉದ್ದ ಕೆಮ್ಮುತ್ತಿದ್ದಳು. ಹೊರಗಿದ್ದವರು, ಪಾಪ, ಇಂಥ ದಮ್ಮಿನಲ್ಲೂ ಪೂಜೆ ಬಿಡಲಿಲ್ಲ ಎನ್ನುತ್ತಿದ್ದರು. ಮಂಗಳಾರತಿಗೆ ಮಾತ್ರ ಅಪ್ಪ ಹೇಗೋ ಎದ್ದು, ಗೋಡೆ ಹಿಡಿದುಕೊಂಡು ಹಿಂಬಾಗಿಲಿನಿಂದ ಬಂದು ತಟ್ಟೆ ಹಿಡಿಯುತ್ತಿದ್ದರು. ನಾನು ಒಳಗೆ ಹೂ ಕೊಡುವವಳು. ತಮ್ಮ ಕಲಿತು ಬರುವವರೆಗೂ ಇದು ನಡೆಯಿತು. ಅಪ್ಪ ಹೋದ ಮೇಲೆ ಇದನ್ನು ಬಲ್ಲವರು ಅಮ್ಮ ಮತ್ತು ನಾನು ಮಾತ್ರ.

"ಇದು ಆಸೇನಾ? ಗಂಡನಿಗೋಸ್ಕರ, ಮಕ್ಕಳಿಗೋಸ್ಕರ, ತಲೆ ಮೇಲಿನ ಸೂರಿಗೋಸ್ಕರ ಹೆಂಗಸರು ಇಂಥದ್ದೆಲ್ಲ ಮಾಡ್ತಾರೆ," ಎಂದೆ.

ಗೆಳತಿ ಕಣ್ಣು ಒರೆಸಿಕೊಂಡಳು. ನನ್ನ ಕೈ ಹಿಡಿದುಕೊಂಡು, "ಇದು ನನ್ನ ಹೊಟ್ಟೇಲೇ ಇರತ್ತೆ ಕಣೇ," ಎಂದಳು. ನಂಬಿದೆ. ಯಾಕೆ ನಂಬಬಾರದಿತ್ತು?

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ತಮ್ಮನ ಹೆಂಡತಿ ಫೋನು ಮಾಡಿದಳು. "ಅತ್ತೆ ಯಾಕೋ ಊಟ ಬೇಡ ಅಂತಿದ್ದಾರೆ ಅಕ್ಕ. ನಿಮ್ಮ ಫ್ರೆಂಡ್ ಕತೆ ಹಾಕಿದ್ದೆ. ಅರ್ಧ ಕಟ್ಟಿದ ಹಾರ ಅಲ್ಲೇ ಬಿಟ್ಟು ಎದ್ದು ಹೋದ್ರು."

ಆ ಕಂತನ್ನು ಗೆಳತಿ ನನಗೆ ತೋರಿಸಿರಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ಅವಳದೇ ದನಿ, ತರಗತಿಯಲ್ಲಿ ಪದ್ಯ ಓದುವಾಗಿನ ಇಂಪು. ತೆರೆಯ ಹಿಂದೆ ಹೆಂಡತಿ. ಒದ್ದೆ ಸೀರೆ. ಎರಡು ಚಿಕ್ಕ ಕೆಮ್ಮು, ಒಂದು ಉದ್ದ. ಅದನ್ನು ಬರೆದದ್ದು ಸಾಲದೆಂದು ಕೆಮ್ಮಿಯೂ ತೋರಿಸಿದ್ದಳು. ಮುಂದೆ ಆ ಹೆಂಗಸಿಗೆ ದೀಪದ ರುಚಿ ಹತ್ತುತ್ತದೆ. ಗಂಡ ಚೇತರಿಸಿಕೊಳ್ಳಬಾರದೆಂದು ಕಷಾಯಕ್ಕೆ ವಿಷ ಬೆರೆಸುತ್ತಾಳೆ. ಎರಡು ಕತ್ತಿಯ ಮಗ ಬಂದು ತೆರೆಯನ್ನು ಸೀಳಿ ತಾಯಿಯನ್ನು ಕೊಲ್ಲುತ್ತಾನೆ. ಕೆಳಗೆ ಕೇಳುಗರ ಜಯಕಾರ. ಇಂಥವಳಿಗೆ ಹೀಗೇ ಆಗಬೇಕು ಎಂದು ಒಬ್ಬರು, ಇನ್ನೂ ನರಳಿಸಿ ಕೊಲ್ಲಬೇಕಿತ್ತು ಎಂದು ಇನ್ನೊಬ್ಬರು. ಗೆಳತಿ ಎಲ್ಲರಿಗೂ ಕೈಮುಗಿದ ಚಿತ್ರ ಹಾಕಿ ಧನ್ಯವಾದ ಹೇಳಿದ್ದಳು.

ಮರುದಿನ ಬಸ್ಸಿನಲ್ಲಿ ಅವಳು ಎಂದಿನಂತೆ ಕಿಟಕಿ ಪಕ್ಕ ನನಗೆ ಜಾಗ ಹಿಡಿದಿದ್ದಳು. ನಾನು ಕೂತ ತಕ್ಷಣವೇ ಕೇಳಿದೆ. ಅವಳು ಒಂದು ಕ್ಷಣ ಫೋನು ನೋಡಿಕೊಂಡಳು.

"ಹೆಸರಿಲ್ಲ, ಊರಿಲ್ಲ. ಕೋಟೆ, ಮಾಯೆ, ರಾಕ್ಷಸರು. ಯಾರಿಗೆ ಗೊತ್ತಾಗತ್ತೆ ಹೇಳು?"

"ನಮ್ಮಮ್ಮನಿಗೆ ಗೊತ್ತಾಯ್ತು."

ಅವಳ ಮುಖ ಇಳಿಯಿತು. ಆದರೆ ಸುಮ್ಮನಾಗಲಿಲ್ಲ. "ನೀನು ಹೇಳಿದ ಕಾರಣಾನೇ ಮೊದ್ಲು ಬರೆದೆ. ಸಪ್ಪೆ ಆಯ್ತು ಕಣೇ. ಒಳ್ಳೆಯವಳು ಅಂತ ತೋರಿಸಿದ್ರೆ ಕತೆ ಅಲ್ಲೇ ನಿಂತುಬಿಡತ್ತೆ. ಕೇಳೋರಿಗೆ ವಿಲನ್ ಬೇಕು."

ಇಷ್ಟು ವರ್ಷ ಪಾತ್ರಗಳ ಮನಸ್ಸನ್ನು ಬಿಡಿಸಿ ನೋಡಿದವಳು ನಾನು. ಕೊಂದವನಿಗೂ ಒಂದು ಕಾರಣ ಹುಡುಕಿಕೊಟ್ಟವಳು. ಪಕ್ಕದಲ್ಲೇ ಕೂತವಳು ನನ್ನ ಮನೆಯ ಗುಟ್ಟನ್ನು ತನ್ನ ಕತೆಗೆ ಬೇಕಾದಷ್ಟು ಕತ್ತರಿಸಿಕೊಂಡದ್ದು ನನಗೆ ತಿಳಿಯಲಿಲ್ಲ. ಕದ್ದದ್ದಕ್ಕಿಂತ ಹೆಚ್ಚಾಗಿ ನೋಯಿಸಿದ್ದು, ಕೆಮ್ಮನ್ನು ಇಟ್ಟುಕೊಂಡು ಪ್ರೀತಿಯನ್ನು ಎಸೆದದ್ದು. ಬೆನ್ನಿಗೆ ಚೂರಿ ಎನ್ನುವ ಮಾತನ್ನು ಎಷ್ಟೋ ಕತೆಗಳಲ್ಲಿ ಓದಿದ್ದೆ. ಆವತ್ತು ಅದು ನನಗೆ ಮೈಯಲ್ಲಿ ಅರ್ಥವಾಯಿತು. ಜಾವಗಲ್ ಬರುವವರೆಗೂ ಅವಳು ಏನೇನೋ ಹೇಳಿದಳು, ಕಂತನ್ನು ತೆಗೆದುಹಾಕುತ್ತೇನೆ ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಇಳಿದಳು.

"ಯಾಕ್ ಮೇಡಂ, ಇಳಿಯಕ್ಕಿಲ್ವಾ? ಇವತ್ತು ಸ್ಕೂಲ್ ಐತಲ್ವಾ?" ಎಂದ ಕಂಡಕ್ಟರ್.

ಬೇಲೂರಿಗೆ ಟಿಕೆಟ್ ಕೇಳಿದೆ. ಹಳೇಬೀಡು ದಾಟುವವರೆಗೂ ಅಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ತಪ್ಪು ನನ್ನದಲ್ಲ, ನಾನು ನಿನ್ನ ಪರವಾಗಿಯೇ ವಾದಿಸಿದ್ದೆ, ಅವಳು ಮೋಸ ಮಾಡಿದಳು.

ಅಮ್ಮ ಹಿತ್ತಲ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಮೊರವನ್ನು ಸರಿಸಿ ಜಾಗ ಮಾಡಿದಳು. ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಗೆಳತಿಯನ್ನು ಬಾಯಿಗೆ ಬಂದಂತೆ ಬೈದೆ.

ಅಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ, "ನಾನು ಯಾಕೆ ಮಾಡ್ದೆ ಅಂತ ನೀನು ಹೇಳಿದ್ದೆ ಅವಳಿಗೆ?" ಎಂದಳು.

"ನಮಗೋಸ್ಕರ ಅಂತ. ಮನೆ ಉಳಿಸೋಕೆ ಅಂತ."

ಅಮ್ಮ ಒಂದು ಕಾಯಿಯನ್ನು ಸುಲಿಯದೆ ಬೆರಳಲ್ಲೇ ಹಿಡಿದುಕೊಂಡಳು.

"ಮೊದಲ ನಾಲ್ಕು ದಿನ ಹಾಗೇ ಇತ್ತು. ಆಮೇಲೆ ನಂಗೆ ಇಷ್ಟ ಆಗೋಯ್ತು ಕಣೇ. ನಾನು, ದೇವರು, ಒಂದು ದೀಪ. ಕರೆಯೋರಿಲ್ಲ, ಕೇಳೋರಿಲ್ಲ. ಯಾವ ಹೂವು ಎಲ್ಲಿಟ್ರೆ ಚೆಂದ ಅಂತ ನಿಮ್ಮಪ್ಪನಿಗೆ ಒಂದಿನಾನೂ ತಿಳೀಲಿಲ್ಲ, ನಂಗೆ ತಿಳೀತಿತ್ತು. ನಿನ್ನ ತಮ್ಮ ಕಲಿತು ಬಂದ ದಿನ ಇಲ್ಲೇ ಕೂತು ಅತ್ತಿದ್ದೆ. ನೀನು ನೀರು ತಂದುಕೊಟ್ಟು, ಸಂತೋಷಕ್ಕೆ ಅಳ್ತಿದೀಯ ಅಮ್ಮ ಅಂದೆ."

ನನಗೆ ಆ ದಿನ ನೆನಪಿತ್ತು. ಸಂತೋಷವೆಂದೇ ನೆನಪಿತ್ತು.

"ಅವಳು ದುರಾಸೆ ಅಂದ್ಲು, ನೀನು ತ್ಯಾಗ ಅಂದೆ. ಅವಳು ಯಾರೋ, ನನ್ನ ಕಂಡವಳಲ್ಲ." ಅಮ್ಮನ ದನಿ ಏರಲಿಲ್ಲ. "ನೀನು ಪಕ್ಕದಲ್ಲೇ ನಿಂತು ಹೂ ಕೊಡ್ತಿದ್ದೆ. ಯಾಕಮ್ಮಾ ಮಾಡ್ತಿದೀಯ ಅಂತ ಒಂದ್ಸಲಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ.